ಲಿಟ್ಮಸ್ಸಿನ ಬಣ್ಣ ಬದಲಿಸದ ಸಿಲಿಕಾ ಆಮ್ಲೀಯ ಹೇಗಾಯಿತು? ಮೂರನೇ ಆವರ್ತದ ಆಕ್ಸೈಡ್‌ಗಳನ್ನು ಕುರಿತ ಪ್ರಶ್ನೆ

ವಿಜ್ಞಾನ ಶಿಕ್ಷಕಿ, ತಿಪಟೂರು:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನಮ್ಮಲ್ಲಿ ಓದಿ ಈಗ ಪ್ರಥಮ ಪಿಯುಸಿಗೆ ಸೇರಿರುವ ಕೆಲವು ಮಕ್ಕಳು ಸಂಜೆ ಬಂದು ರಸಾಯನಶಾಸ್ತ್ರದ ಸಂದೇಹಗಳನ್ನು ಕೇಳುತ್ತಾರೆ. ಅವರ ಒಂದು ಪ್ರಶ್ನೆಗೆ ನನಗೇ ಸಮಾಧಾನವಾಗುವಂಥ ಉತ್ತರ ದೊರೆಯದ ಕಾರಣ ಇಲ್ಲಿ ಕೇಳುತ್ತಿದ್ದೇನೆ.

ಆವರ್ತಕ ಕೋಷ್ಟಕದ ಮೂರನೇ ಆವರ್ತದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಸೋಡಿಯಂ ಮತ್ತು ಮೆಗ್ನೀಸಿಯಂಗಳ ಆಕ್ಸೈಡ್‌ಗಳು ಪ್ರತ್ಯಾಮ್ಲೀಯ, ಅಲ್ಯೂಮಿನಿಯಂ ಆಕ್ಸೈಡ್ ಉಭಯಧರ್ಮಿ, ಸಿಲಿಕಾನ್, ರಂಜಕ, ಗಂಧಕ ಮತ್ತು ಕ್ಲೋರಿನ್‌ಗಳ ಆಕ್ಸೈಡ್‌ಗಳು ಆಮ್ಲೀಯ ಎಂದು ಪಾಠದಲ್ಲಿದೆ. ಎರಡು ತುದಿಗಳನ್ನು ತರಗತಿಯಲ್ಲಿ ತೋರಿಸುವುದು ಸುಲಭ. ಮೆಗ್ನೀಸಿಯಂ ಪಟ್ಟಿಯನ್ನು ಉರಿಸಿ, ಉಳಿಯುವ ಬಿಳಿಯ ಬೂದಿಯನ್ನು ನೀರಿನಲ್ಲಿ ಕಲಸಿದರೆ ಕೆಂಪು ಲಿಟ್ಮಸ್ ನೀಲಿಯಾಗುತ್ತದೆ; ಚಿಟಿಕೆ ಗಂಧಕವನ್ನು ಮುಚ್ಚಳವಿರುವ ಜಾಡಿಯಲ್ಲಿ ಉರಿಸಿ, ನೀರು ಹಾಕಿ ಕುಲುಕಿದರೆ ನೀಲಿ ಲಿಟ್ಮಸ್ ಕೆಂಪಾಗುತ್ತದೆ. ತೊಡಕಿರುವುದು ನಡುವಿನಲ್ಲಿ. ಅಲ್ಯೂಮಿನಿಯಂ ಆಕ್ಸೈಡಿನ (ಅಲ್ಯೂಮಿನಾ) ಪುಡಿಯನ್ನಾಗಲಿ, ಚೆನ್ನಾಗಿ ತೊಳೆದ ಮರಳನ್ನಾಗಲಿ (ಸಿಲಿಕಾ, ಅಂದರೆ ಸಿಲಿಕಾನ್ ಆಕ್ಸೈಡ್) ನೀರಿಗೆ ಹಾಕಿ ಎಷ್ಟು ಕಲಕಿದರೂ ಲಿಟ್ಮಸ್ ಕಾಗದ ಬಣ್ಣ ಬದಲಿಸುವುದಿಲ್ಲ. ಎರಡೂ ಒಂದೇ ರೀತಿ ಸುಮ್ಮನಿರುವಾಗ ಒಂದನ್ನು ಉಭಯಧರ್ಮಿ ಎಂದೂ ಇನ್ನೊಂದನ್ನು ಆಮ್ಲೀಯ ಎಂದೂ ಯಾವ ಆಧಾರದ ಮೇಲೆ ಹೇಳುತ್ತಾರೆ ಎಂಬುದು ಮಕ್ಕಳ ಪ್ರಶ್ನೆ.

ಅದಕ್ಕೆ ಹೊಂದಿಕೊಂಡಂತೆ ನನ್ನದೂ ಒಂದು ಪ್ರಶ್ನೆ ಇದೆ. ಲೋಹೀಯ ಗುಣ ಕಡಿಮೆಯಾಗುತ್ತ ಹೋಗುವುದರಿಂದ ಆಕ್ಸೈಡ್‌ಗಳ ಪ್ರತ್ಯಾಮ್ಲೀಯತೆಯೂ ಕಡಿಮೆಯಾಗುತ್ತದೆ ಎಂಬ ವಿವರಣೆಯನ್ನು ನಾವೆಲ್ಲರೂ ಕೊಡುತ್ತೇವೆ. ಆದರೆ ಲೋಹದ ಲಕ್ಷಣವೇನು ಎಂದು ಕೇಳಿದರೆ ಪ್ರತ್ಯಾಮ್ಲೀಯ ಆಕ್ಸೈಡನ್ನು ಕೊಡುವುದು ಎಂದೇ ಉತ್ತರಿಸುತ್ತೇವೆ. ಇದು ಸುತ್ತಿ ಸುತ್ತಿ ಅಲ್ಲಿಗೇ ಬರುವ ಮಾತಾಯಿತೇ ಹೊರತು ಕಾರಣ ಹೇಳಿದಂತಾಗಲಿಲ್ಲ. ನಿಜವಾದ ಕಾರಣವನ್ನು ಹದಿನಾರು ವರ್ಷದ ಮಕ್ಕಳಿಗೆ ಅರ್ಥವಾಗುವಂತೆ, ಆದರೆ ತಪ್ಪಾಗದಂತೆ, ಹೇಗೆ ಹೇಳಬಹುದು?


ನಿವೃತ್ತ ಉಪನ್ಯಾಸಕ, ಧಾರವಾಡ:

ಮೇಡಂ, ನಮಸ್ಕಾರ. ನಿಮ್ಮ ಮಕ್ಕಳು ಹಿಡಿದಿರುವ ಜಾಗ ಸರಿಯಾದದ್ದು. ಲಿಟ್ಮಸ್ ಪರೀಕ್ಷೆ ಹೇಳುವುದು ನೀರಿನಲ್ಲಿ ಕರಗಿದ ವಸ್ತುವಿನ ಬಗ್ಗೆ ಮಾತ್ರ. ಕರಗದ ವಸ್ತುವಿನ ಸ್ವಭಾವವನ್ನು ಅದು ಯಾವುದರೊಂದಿಗೆ ವರ್ತಿಸಿ ಲವಣ ಕೊಡುತ್ತದೆ ಎಂಬುದರಿಂದ ತಿಳಿಯಬೇಕು. ಆಮ್ಲದೊಂದಿಗೆ ಮಾತ್ರ ವರ್ತಿಸಿದರೆ ಪ್ರತ್ಯಾಮ್ಲೀಯ, ಕ್ಷಾರದೊಂದಿಗೆ ಮಾತ್ರ ವರ್ತಿಸಿದರೆ ಆಮ್ಲೀಯ, ಎರಡರೊಂದಿಗೂ ವರ್ತಿಸಿದರೆ ಉಭಯಧರ್ಮಿ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮೂರು ಪ್ರನಾಳಗಳಲ್ಲಿ ತೋರಿಸುವುದು ಉತ್ತಮ. ಮೆಗ್ನೀಸಿಯಂ, ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಅಕ್ಕಪಕ್ಕದ ಧಾತುಗಳಾದ್ದರಿಂದ ಆವರ್ತದ ತಿರುವು ಇಡಿಯಾಗಿ ಆ ಮೂರರಲ್ಲೇ ಕಾಣುತ್ತದೆ.

ಸುಟ್ಟ ಪುಡಿಗಳನ್ನು ಬಳಸಬೇಡಿ. ಹೆಚ್ಚು ಕಾಯಿಸಿದ ಅಲ್ಯೂಮಿನಾ ಕುರುಂದದ ಕಲ್ಲಿನ ರಚನೆಗೆ ತಿರುಗಿ, ಪ್ರಬಲ ಆಮ್ಲಕ್ಕೂ ಸುಲಭವಾಗಿ ಜಗ್ಗುವುದಿಲ್ಲ. ಮಕ್ಕಳು ಅದನ್ನು ನೋಡಿ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಅದರ ಬದಲು ಹೊಸದಾಗಿ ತಯಾರಾದ, ನೀರು ಹಿಡಿದಿರುವ ರೂಪಗಳನ್ನು ಬಳಸಿ. ಮೊದಲನೆಯ ಪ್ರನಾಳದಲ್ಲಿ ಎಪ್ಸಮ್ ಉಪ್ಪಿನ, ಅಂದರೆ ಮೆಗ್ನೀಸಿಯಂ ಸಲ್ಫೇಟಿನ ದ್ರಾವಣ. ಎರಡನೆಯದರಲ್ಲಿ ಅಂಗಡಿಯಲ್ಲಿ ಸಿಗುವ, ಅಲ್ಯೂಮಿನಿಯಂನ ಲವಣವಾದ ಪಟಕದ ದ್ರಾವಣ. ಮೂರನೆಯದರಲ್ಲಿ ಸೋಡಿಯಂ ಸಿಲಿಕೇಟಿನ ದ್ರಾವಣ. ಇದರ ಜೊತೆಗೆ 100 ಮಿಲಿಲೀಟರ್‌ನಲ್ಲಿ 4 ಗ್ರಾಂ ಕಾಸ್ಟಿಕ್ ಸೋಡಾ ಇರುವ ದ್ರಾವಣ ಮತ್ತು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಇದ್ದರೆ ಸಾಕು. ಕಣ್ಣಿಗೆ ಕನ್ನಡಕ ಕಡ್ಡಾಯವಾಗಿರಲಿ, ಏಕೆಂದರೆ ಆಮ್ಲಕ್ಕಿಂತ ಕಾಸ್ಟಿಕ್ ಸೋಡಾ ಕಣ್ಣಿಗೆ ಹೆಚ್ಚು ಅಪಾಯಕಾರಿ.

ಮೊದಲನೆಯ ಪ್ರನಾಳಕ್ಕೆ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿಹನಿಯಾಗಿ ಹಾಕಿದರೆ ಬಿಳಿಯ ಪ್ರಕ್ಷೇಪ ಬರುತ್ತದೆ. ಇನ್ನೂ ಎಷ್ಟೇ ಹಾಕಿದರೂ ಅದು ಕರಗುವುದಿಲ್ಲ. ಆಮ್ಲ ಹಾಕಿದ ಕೂಡಲೇ ಕರಗಿಹೋಗುತ್ತದೆ. ಎರಡನೆಯದರಲ್ಲಿ ಮೊದಲು ಗಂಜಿಯ ತಿಳಿಯಂಥ ಬಿಳಿಯ ಪ್ರಕ್ಷೇಪ ಮೂಡುತ್ತದೆ, ಆದರೆ ಹನಿಗಳನ್ನು ಹಾಕುತ್ತ ಹೋದಂತೆ ಅದು ತೆಳುವಾಗಿ, ಕೊನೆಗೆ ದ್ರಾವಣ ಪೂರ್ತಿ ತಿಳಿಯಾಗುತ್ತದೆ. ಈಗ ಅದೇ ಪ್ರನಾಳಕ್ಕೆ ಆಮ್ಲವನ್ನು ನಿಧಾನವಾಗಿ ಹಾಕಿ. ಮಾಯವಾಗಿದ್ದ ಪ್ರಕ್ಷೇಪ ಮತ್ತೆ ಕಾಣಿಸಿಕೊಂಡು, ಇನ್ನಷ್ಟು ಆಮ್ಲ ಬಿದ್ದಾಗ ಎರಡನೆಯ ಬಾರಿ ಕರಗುತ್ತದೆ. ಉಭಯಧರ್ಮಿ ಎಂಬುದರ ಅರ್ಥವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಯೋಗ ನನಗೆ ತಿಳಿದಂತೆ ಬೇರೊಂದಿಲ್ಲ.

ಮೂರನೆಯದರಲ್ಲಿ ಸಿಲಿಕಾ ಈಗಾಗಲೇ ಕ್ಷಾರದಲ್ಲಿ ಕರಗಿ ಕುಳಿತಿದೆ; ಅದು ಹಾಗೆ ಕರಗಿ ಸಿಲಿಕೇಟ್ ಎಂಬ ಲವಣವಾಗಿದೆ ಎಂಬುದೇ ಅದರ ಆಮ್ಲೀಯತೆಗೆ ಸಾಕ್ಷಿ. ಆಮ್ಲ ಹಾಕಿದಾಗ ಪ್ರಬಲ ಆಮ್ಲವು ದುರ್ಬಲ ಆಮ್ಲವನ್ನು ಅದರ ಲವಣದಿಂದ ಹೊರದೂಡುವುದರಿಂದ ಸಿಲಿಸಿಕ್ ಆಮ್ಲ ಬಿಡುಗಡೆಯಾಗಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಲೋಳೆಯಾಗುತ್ತವೆ. ಆ ಲೋಳೆಗೆ ಇನ್ನೆಷ್ಟು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೂ ಕರಗುವುದಿಲ್ಲ, ಕಾಸ್ಟಿಕ್ ಸೋಡಾ ಹಾಕಿ ಬೆಚ್ಚಗೆ ಮಾಡಿದರೆ ಕರಗುತ್ತದೆ. ಒಂದು ಎಚ್ಚರಿಕೆ: ಇಲ್ಲಿ ಆಮ್ಲವನ್ನು ಕಲಕುತ್ತ ಸ್ವಲ್ಪ ಸ್ವಲ್ಪವೇ ಹಾಕಬೇಕು. ಒಮ್ಮೆಗೇ ಸುರಿದುಬಿಟ್ಟರೆ ಪಿಎಚ್ ತೀರ ಕೆಳಗಿಳಿದು, ಲೋಳೆ ಕಟ್ಟದೆ ದ್ರಾವಣ ಬಹಳ ಹೊತ್ತು ತಿಳಿಯಾಗಿಯೇ ಉಳಿಯಬಹುದು.

ಇನ್ನು ನಿಮ್ಮ ಪ್ರಶ್ನೆಯಾದ ಕಾರಣದ ವಿಷಯ. ಲೋಹ, ಅಲೋಹ ಎಂಬ ಮಾತುಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಮಧ್ಯದ ಪರಮಾಣುವಿನ ಮೇಲೆ ಎಷ್ಟು ಧನಾವೇಶವಿದೆ ಮತ್ತು ಅದು ಎಷ್ಟು ಚಿಕ್ಕದು ಎಂಬ ಎರಡು ಸಂಗತಿಗಳನ್ನು ಮಾತ್ರ ಹಿಡಿದುಕೊಳ್ಳಿ. ಸೋಡಿಯಂ ಅಯಾನಿನ ತ್ರಿಜ್ಯ 102 ಪಿಕೋಮೀಟರ್, ಆವೇಶ ಒಂದು. ಮೆಗ್ನೀಸಿಯಂನದು 72, ಆವೇಶ ಎರಡು. ಅಲ್ಯೂಮಿನಿಯಂನದು ಸುಮಾರು 54, ಆವೇಶ ಮೂರು. ಚಿಕ್ಕ ಜಾಗದಲ್ಲಿ ಹೆಚ್ಚು ಆವೇಶ ಇರುವುದರಿಂದ ಬಲಕ್ಕೆ ಸರಿದಂತೆ ಪಕ್ಕದ ಆಕ್ಸಿಜನ್ನಿನ ಎಲೆಕ್ಟ್ರಾನುಗಳ ಮೇಲಿನ ಸೆಳೆತ ತೀವ್ರವಾಗುತ್ತದೆ.

ಈ ಸೆಳೆತವನ್ನು ನೀರಿನಲ್ಲೇ ಕಾಣಬಹುದು. ಈ ಅಯಾನುಗಳು ನೀರಿನಲ್ಲಿ ಒಂಟಿಯಾಗಿರುವುದಿಲ್ಲ, ಸುತ್ತಲೂ ನೀರಿನ ಅಣುಗಳನ್ನು ಕಟ್ಟಿಕೊಂಡಿರುತ್ತವೆ. ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ಎರಡೂ ಆರಾರು ಅಣುಗಳನ್ನು ಹಿಡಿದಿರುತ್ತವೆ. ಮಧ್ಯದ ಅಯಾನು ಆಕ್ಸಿಜನ್ನಿನ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದಷ್ಟೂ ಆ ಆಕ್ಸಿಜನ್ ತನ್ನ ಹೈಡ್ರೋಜನ್ನಿನ ಮೇಲಿನ ಹಿಡಿತವನ್ನು ಸಡಿಲಿಸುತ್ತದೆ. ಮೆಗ್ನೀಸಿಯಂನ ಹಿಡಿತದಲ್ಲಿರುವ ನೀರು ಪ್ರೋಟಾನ್ (ಹೈಡ್ರೋಜನ್ ಅಯಾನು) ಬಿಟ್ಟುಕೊಡುವುದು ತೀರ ಕಡಿಮೆ, ಅದರ ಪಿಕೆಎ ಮೌಲ್ಯ (ಇದು ಕಡಿಮೆಯಾದಷ್ಟೂ ಆಮ್ಲ ಪ್ರಬಲ) 11ಕ್ಕಿಂತ ಹೆಚ್ಚು. ಅಲ್ಯೂಮಿನಿಯಂನ ಹಿಡಿತದಲ್ಲಿರುವ ನೀರಿನ ಪಿಕೆಎ ಸುಮಾರು 5, ಅಂದರೆ ವಿನೆಗರ್‌ನ ಅಸಿಟಿಕ್ ಆಮ್ಲದ ಹತ್ತಿರ ಹತ್ತಿರ. ಆದ್ದರಿಂದಲೇ ಬರಿಯ ಪಟಕದ ನೀರಿಗೆ ಅದ್ದಿದ ನೀಲಿ ಲಿಟ್ಮಸ್ ಕೆಂಪಾಗುತ್ತದೆ. ಎಪ್ಸಮ್ ಉಪ್ಪಿನ ನೀರಿನಲ್ಲಿ ಅದು ಹಾಗೆ ಕೆಂಪಾಗುವುದಿಲ್ಲ. ಪ್ರಯೋಗ ಆರಂಭಿಸುವ ಮೊದಲೇ ಇದನ್ನು ಮಕ್ಕಳಿಂದ ಮಾಡಿಸಿ.

ಈಗ ಇನ್ನೊಂದು ಹೆಜ್ಜೆ ಮುಂದಿಡಿ. ಸಿಲಿಕಾನ್ ನಾಲ್ಕು ಧನಾವೇಶಗಳನ್ನು ಹೊತ್ತ ಬಿಡಿ ಅಯಾನಾಗಿ ನೀರಿನಲ್ಲಿ ಉಳಿಯಲಾರದು. ಸೆಳೆತ ಎಷ್ಟಿರುತ್ತದೆಂದರೆ ಸುತ್ತಲಿನ ನೀರು ಪ್ರೋಟಾನುಗಳನ್ನು ಕಳೆದುಕೊಂಡು ನಾಲ್ಕು ಹೈಡ್ರಾಕ್ಸಿಲ್‌ಗಳಾಗಿ ಅಂಟಿಕೊಳ್ಳುತ್ತದೆ. ಅದೇ ಸಿಲಿಸಿಕ್ ಆಮ್ಲ. ರಂಜಕದಲ್ಲಿ ಮೂರು ಹೈಡ್ರಾಕ್ಸಿಲ್ ಮತ್ತು ಒಂದು ಬರಿಯ ಆಕ್ಸಿಜನ್, ಗಂಧಕದಲ್ಲಿ ಎರಡು ಹೈಡ್ರಾಕ್ಸಿಲ್ ಮತ್ತು ಎರಡು ಬರಿಯ ಆಕ್ಸಿಜನ್, ಕ್ಲೋರಿನ್ನಿನಲ್ಲಿ ಒಂದು ಹೈಡ್ರಾಕ್ಸಿಲ್ ಮತ್ತು ಮೂರು ಬರಿಯ ಆಕ್ಸಿಜನ್. ಇವು ಕ್ರಮವಾಗಿ ಫಾಸ್ಫಾರಿಕ್, ಸಲ್ಫ್ಯೂರಿಕ್ ಮತ್ತು ಪರ್ಕ್ಲೋರಿಕ್ ಆಮ್ಲಗಳು. ಬರಿಯ ಆಕ್ಸಿಜನ್ ಒಂದೊಂದು ಹೆಚ್ಚಿದಂತೆ, ಪ್ರೋಟಾನ್ ಹೋದ ಮೇಲೆ ಉಳಿಯುವ ಋಣಾವೇಶವನ್ನು ಹಂಚಿಕೊಳ್ಳುವವರು ಹೆಚ್ಚುತ್ತಾರೆ, ಹಾಗಾಗಿ ಪ್ರೋಟಾನ್ ಬಿಡುವುದು ಸುಲಭವಾಗುತ್ತದೆ. ಸಿಲಿಸಿಕ್ ಆಮ್ಲದ ಪಿಕೆಎ ಸುಮಾರು 9.8, ಫಾಸ್ಫಾರಿಕ್ ಆಮ್ಲದ್ದು ಸುಮಾರು 2.1; ಸಲ್ಫ್ಯೂರಿಕ್ ಆಮ್ಲದ್ದು ಸೊನ್ನೆಗಿಂತ ಕೆಳಗೆ, ಪರ್ಕ್ಲೋರಿಕ್‌ನದು ಅದಕ್ಕಿಂತಲೂ ಬಹಳ ಕೆಳಗೆ. ಸಿಲಿಸಿಕ್ ಆಮ್ಲ ಇಷ್ಟೊಂದು ದುರ್ಬಲವಾಗಿರುವುದು, ಮರಳು ನೀರಿನಲ್ಲಿ ಕರಗದಿರುವುದು, ಈ ಎರಡೂ ಸೇರಿ ನಿಮ್ಮ ಲಿಟ್ಮಸ್ಸನ್ನು ಸುಮ್ಮನಿರಿಸಿವೆ.


ಅಲ್ಯೂಮಿನಾ ಸ್ಥಾವರದ ರಸಾಯನತಜ್ಞ:

ಉಪನ್ಯಾಸಕರು ಪ್ರನಾಳದಲ್ಲಿ ತೋರಿಸಿದ್ದನ್ನೇ ನಾವು ಟನ್ನುಗಟ್ಟಲೆ ಮಾಡುತ್ತೇವೆ ಎಂಬುದನ್ನು ಮಕ್ಕಳಿಗೆ ತಿಳಿಸಬೇಕೆನಿಸಿ ಬರೆಯುತ್ತಿದ್ದೇನೆ. ನಮ್ಮ ರಾಜ್ಯದ ಬೆಳಗಾವಿಯಲ್ಲೂ ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯುವ ಕಾರ್ಖಾನೆ ಇದೆ. ಈ ಕೆಲಸದ ವಿಧಾನ ಆಸ್ಟ್ರಿಯಾದ ಕಾರ್ಲ್ ಯೋಸೆಫ್ ಬಾಯರ್ 1880ರ ದಶಕದ ಕೊನೆಯಲ್ಲಿ ಕಂಡುಹಿಡಿದದ್ದು, ಇಂದಿಗೂ ಪ್ರಪಂಚದ ಬಹುಪಾಲು ಅಲ್ಯೂಮಿನಾ ಬರುವುದು ಅದೇ ವಿಧಾನದಿಂದ. ಬಾಕ್ಸೈಟಿನಲ್ಲಿ ಅಲ್ಯೂಮಿನಿಯಂ ಮಾತ್ರವಲ್ಲದೆ ಕಬ್ಬಿಣದ ಆಕ್ಸೈಡ್, ಟೈಟೇನಿಯಂ ಆಕ್ಸೈಡ್ ಮತ್ತು ಸಿಲಿಕಾ ಕೂಡ ಇರುತ್ತವೆ. ಪುಡಿ ಮಾಡಿದ ಅದಿರನ್ನು ಬಿಸಿಯಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಒತ್ತಡದ ಕೆಳಗೆ ಬೇಯಿಸಿದಾಗ ಉಭಯಧರ್ಮಿಯಾದ ಅಲ್ಯೂಮಿನಾ ಅಲ್ಯೂಮಿನೇಟ್ ಆಗಿ ಕರಗುತ್ತದೆ. ಕಬ್ಬಿಣದ ಆಕ್ಸೈಡ್ ಕರಗದೆ ಕೆಂಪು ಕೆಸರಾಗಿ ತಳದಲ್ಲಿ ಉಳಿಯುತ್ತದೆ. ಸೋಸಿದ ದ್ರಾವಣವನ್ನು ತಂಪು ಮಾಡಿ, ಹಿಂದಿನ ಬಾರಿಯ ಹೈಡ್ರಾಕ್ಸೈಡಿನ ಹರಳುಗಳನ್ನು ಬೀಜವಾಗಿ ಹಾಕಿದರೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಹರಳುಗಟ್ಟುತ್ತದೆ, ಕಾಸ್ಟಿಕ್ ಸೋಡಾ ಮರುಬಳಕೆಗೆ ಹಿಂತಿರುಗುತ್ತದೆ.

ಸಿಲಿಕಾ ಆಮ್ಲೀಯವೋ ಅಲ್ಲವೋ ಎಂಬ ಸಂದೇಹ ನಮ್ಮಂಥವರಿಗೆ ಬರಲು ಸಾಧ್ಯವೇ ಇಲ್ಲ, ಏಕೆಂದರೆ ಅದರ ಆಮ್ಲೀಯತೆಗೆ ಪ್ರತಿದಿನವೂ ಹಣ ತೆರುತ್ತೇವೆ. ಅದಿರಿನೊಳಗೆ ಜೇಡಿಮಣ್ಣಿನ ರೂಪದಲ್ಲಿರುವ ಸಿಲಿಕಾ ಕ್ಷಾರದಲ್ಲಿ ಬೇಗ ಕರಗಿ, ಆಮೇಲೆ ಸೋಡಿಯಂ ಮತ್ತು ಅಲ್ಯೂಮಿನಾಗಳನ್ನು ಜೊತೆಗೆ ಕರೆದುಕೊಂಡು ಸೋಡಿಯಂ ಅಲ್ಯೂಮಿನೋಸಿಲಿಕೇಟ್ ಆಗಿ ಕೆಳಗೆ ಕೂರುತ್ತದೆ. ಹೀಗೆ ಕಾಸ್ಟಿಕ್ ಸೋಡಾ ಮತ್ತು ಅಲ್ಯೂಮಿನಾ ಎರಡೂ ನಷ್ಟವಾಗುತ್ತವೆ. ಆದ್ದರಿಂದ ಅದಿರನ್ನು ಕೊಳ್ಳುವಾಗ ಅಲ್ಯೂಮಿನಾ ಎಷ್ಟು ಎಂದು ನೋಡುವಷ್ಟೇ ಎಚ್ಚರಿಕೆಯಿಂದ ಹೀಗೆ ಕರಗುವ ಸಿಲಿಕಾ ಎಷ್ಟು ಎಂದೂ ನೋಡುತ್ತಾರೆ. ಅದೇ ಸಿಲಿಕಾ ಬೆಣಚುಕಲ್ಲಿನ ರೂಪದಲ್ಲಿದ್ದರೆ ಕಡಿಮೆ ತಾಪದಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಸ್ವಭಾವ ಒಂದೇ, ವೇಗ ಬೇರೆ. ಕಾಸ್ಟಿಕ್ ಸೋಡಾ ಸೀಸೆಗೆ ಗಾಜಿನ ಬಿರಡೆ ಹಾಕಬಾರದು, ರಬ್ಬರಿನ ಬಿರಡೆ ಹಾಕಬೇಕು ಎಂದು ಪ್ರಯೋಗಾಲಯದಲ್ಲಿ ಹೇಳುವುದಕ್ಕೂ ಇದೇ ಕಾರಣ: ಉಜ್ಜಿದ ಗಾಜಿನ ಮೇಲ್ಮೈಯ ಸಿಲಿಕಾ ನಿಧಾನವಾಗಿ ಸಿಲಿಕೇಟ್ ಆಗಿ ಬಿರಡೆ ಕಚ್ಚಿಕೊಳ್ಳುತ್ತದೆ.

ಆಮ್ಲ ಮತ್ತು ಪ್ರತ್ಯಾಮ್ಲ ವರ್ತಿಸಲು ನೀರೇ ಬೇಕೆಂದಿಲ್ಲ. ಕಬ್ಬಿಣದ ಊದುಕುಲುಮೆಗೆ ಅದಿರಿನೊಂದಿಗೆ ಸುಣ್ಣದ ಕಲ್ಲನ್ನು ಹಾಕುವುದು ಅದಿರಿನ ಜೊತೆ ಬಂದಿರುವ ಸಿಲಿಕಾವನ್ನು ಹಿಡಿಯಲಿಕ್ಕೆ. ಸುಣ್ಣ ಪ್ರತ್ಯಾಮ್ಲೀಯ, ಸಿಲಿಕಾ ಆಮ್ಲೀಯ, ಎರಡೂ ಕೂಡಿ ಕ್ಯಾಲ್ಸಿಯಂ ಸಿಲಿಕೇಟಿನ ಕಿಟ್ಟವಾಗಿ ಕರಗಿದ ಕಬ್ಬಿಣದ ಮೇಲೆ ತೇಲುತ್ತದೆ. ಭದ್ರಾವತಿಯಲ್ಲಿ 1923ರಲ್ಲಿ ಊದುಕುಲುಮೆ ಕೆಲಸ ಆರಂಭಿಸಿದಾಗ ಉರಿಸಿದ್ದು ಇದ್ದಿಲನ್ನಾದರೂ ಸಿಲಿಕಾ ತೆಗೆಯಲು ಬೇಕಾದ ರಸಾಯನಶಾಸ್ತ್ರ ಇದೇ ಆಗಿತ್ತು. ಉಕ್ಕಿನ ಚರಿತ್ರೆಯಲ್ಲಿ ಇನ್ನೂ ದೊಡ್ಡ ಉದಾಹರಣೆಯಿದೆ. ಬೆಸೆಮರ್ ಕುಲುಮೆಯ ಒಳಗೋಡೆ ಸಿಲಿಕಾದ ಇಟ್ಟಿಗೆಯದಾಗಿದ್ದರಿಂದ ಅದಿರಿನಲ್ಲಿ ರಂಜಕವಿದ್ದರೆ ಅದು ಉಕ್ಕಿನಲ್ಲೇ ಉಳಿದು ಉಕ್ಕನ್ನು ಪೆಡಸು ಮಾಡುತ್ತಿತ್ತು. ಆಮ್ಲೀಯವಾದ ರಂಜಕದ ಆಕ್ಸೈಡನ್ನು ಆಮ್ಲೀಯವಾದ ಗೋಡೆ ಹಿಡಿಯುವುದಾದರೂ ಹೇಗೆ? 1870ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಮತ್ತು ಆತನ ಸೋದರಸಂಬಂಧಿ ಪರ್ಸಿ ಗಿಲ್‌ಕ್ರಿಸ್ಟ್ ಗೋಡೆಯನ್ನು ಪ್ರತ್ಯಾಮ್ಲೀಯವಾದ ಡಾಲಮೈಟಿನಿಂದ ಕಟ್ಟಿ, ಒಳಗೆ ಸುಣ್ಣವನ್ನೂ ಹಾಕಿ ಆ ರಂಜಕವನ್ನು ಫಾಸ್ಫೇಟ್ ಕಿಟ್ಟವಾಗಿ ಹೊರತೆಗೆದರು. ಆ ಕಿಟ್ಟವನ್ನು ಪುಡಿ ಮಾಡಿ ಹೊಲಕ್ಕೆ ಗೊಬ್ಬರವಾಗಿ ಹಾಕಿದರು. ಮೂರನೇ ಆವರ್ತದ ಸಾಲನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ಈ ಕಥೆಯನ್ನು ಹೇಳದೆ ಬಿಡಬಾರದು ಎಂಬುದು ನನ್ನ ಅಭಿಪ್ರಾಯ.


ವಿಜ್ಞಾನ ಶಿಕ್ಷಕಿ, ತಿಪಟೂರು:

ಸರ್, ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಆಕ್ಸೈಡಿನ ಸ್ವಭಾವದ ಬಗ್ಗೆ ಈಗ ಹಿಡಿತ ಸಿಕ್ಕಿದೆ. ಆದರೆ ಕ್ರಿಯಾಶೀಲತೆಯ ಪ್ರಶ್ನೆ ಹಾಗೇ ಉಳಿಯಿತು. ಸೋಡಿಯಂ ನೀರಿನ ಮೇಲೆ ಓಡಾಡಿ ಉರಿಯುತ್ತದೆ, ಮೆಗ್ನೀಸಿಯಂ ತಣ್ಣೀರಿನಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ, ಅಲ್ಯೂಮಿನಿಯಂ ಪಾತ್ರೆಯಲ್ಲಿ ನಾವು ನೀರನ್ನೇ ಕಾಯಿಸುತ್ತೇವೆ, ಆಮೇಲೆ ಕ್ಲೋರಿನ್ ಬಂದಾಗ ಮತ್ತೆ ಉಗ್ರತೆ ಕಾಣುತ್ತದೆ, ಆರ್ಗಾನ್‌ನಲ್ಲಿ ಎಲ್ಲವೂ ನಿಂತುಹೋಗುತ್ತದೆ. ಆಕ್ಸೈಡ್‌ಗಳು ಒಂದೇ ದಿಕ್ಕಿನಲ್ಲಿ ಬದಲಾಗುತ್ತವೆ, ಕ್ರಿಯಾಶೀಲತೆ ಮಾತ್ರ ಇಳಿದು ಏರುತ್ತದೆ. ಇವೆರಡನ್ನೂ ಒಂದೇ ಕಾರಣದಿಂದ ವಿವರಿಸಬಹುದೇ?


ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು:

ನಮಸ್ಕಾರ ಮೇಡಂ. ಕ್ರಿಯಾಶೀಲತೆ ಎಂಬ ಒಂದೇ ಮಾತಿನಲ್ಲಿ ನಾವು ಬೇರೆ ಬೇರೆ ಸಂಗತಿಗಳನ್ನು ಸೇರಿಸಿಬಿಡುತ್ತೇವೆ, ತೊಡಕು ಅಲ್ಲಿಂದಲೇ ಶುರುವಾಗುತ್ತದೆ. ಎಡಗಡೆಯ ಧಾತುಗಳ ಕ್ರಿಯಾಶೀಲತೆ ಎಲೆಕ್ಟ್ರಾನ್ ಬಿಟ್ಟುಕೊಡುವ ಸುಲಭತೆ, ಬಲಗಡೆಯ ಧಾತುಗಳದ್ದು ಎಲೆಕ್ಟ್ರಾನ್ ಪಡೆಯುವ ಸುಲಭತೆ. ನ್ಯೂಕ್ಲಿಯಸ್ಸಿನ ಪರಿಣಾಮಕಾರಿ ಸೆಳೆತ ಎಡದಿಂದ ಬಲಕ್ಕೆ ಏರುತ್ತಲೇ ಹೋಗುವುದರಿಂದ ಮೊದಲನೆಯದು ಇಳಿಯುತ್ತದೆ, ಎರಡನೆಯದು ಏರುತ್ತದೆ. ಆರ್ಗಾನ್‌ನ ಮೊದಲ ಅಯಾನೀಕರಣ ಶಕ್ತಿ (ಒಂದು ಎಲೆಕ್ಟ್ರಾನನ್ನು ಕೀಳಲು ಬೇಕಾದ ಶಕ್ತಿ) ಪ್ರತಿ ಮೋಲ್‌ಗೆ 1,521 ಕಿಲೋಜೂಲ್, ಸೋಡಿಯಂನದು 496. ಆರ್ಗಾನ್ ಎಲೆಕ್ಟ್ರಾನ್ ಬಿಡುವುದೂ ಕಷ್ಟ, ಹೊರಕವಚ ತುಂಬಿರುವುದರಿಂದ ಪಡೆಯಲು ಜಾಗವೂ ಇಲ್ಲ. 2000ದಲ್ಲಿ ಹೆಲ್ಸಿಂಕಿಯಲ್ಲಿ ಅತಿ ಶೀತದಲ್ಲಿ ಆರ್ಗಾನ್, ಹೈಡ್ರೋಜನ್, ಫ್ಲೋರಿನ್ ಸೇರಿದ ಒಂದು ಸಂಯುಕ್ತವನ್ನು ಮಾಡಿದರಾದರೂ ಆರ್ಗಾನ್‌ಗೆ ಸಾಮಾನ್ಯ ಸ್ಥಿತಿಯಲ್ಲಿ ಆಕ್ಸೈಡ್ ಇಲ್ಲ.

ಆದರೆ ಆಕ್ಸಿಜನ್ನಿನ ಜೊತೆಗಿನ ವರ್ತನೆಯನ್ನು ಮಾತ್ರ ಅಳೆಯುವುದಾದರೆ ಚಿತ್ರ ಬೇರೆಯೇ ಇದೆ, ನನಗೆ ಇದು ಆವರ್ತದ ಅತ್ಯಂತ ಸುಂದರವಾದ ಭಾಗ. ಪ್ರತಿಯೊಂದು ಆಕ್ಸೈಡ್ ತನ್ನ ಧಾತುವಿನಿಂದ ಉಂಟಾಗುವಾಗ ಹೊರಬರುವ ಶಾಖವನ್ನು ಅದರಲ್ಲಿರುವ ಆಕ್ಸಿಜನ್ ಪರಮಾಣುಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಆಕ್ಸಿಜನ್ನಿನ ಒಂದು ಮೋಲ್ ಪರಮಾಣುಗಳಿಗೆ ಸೋಡಿಯಂ ಆಕ್ಸೈಡಿನಲ್ಲಿ ಸುಮಾರು 415 ಕಿಲೋಜೂಲ್, ಮೆಗ್ನೀಸಿಯಂನಲ್ಲಿ 602, ಅಲ್ಯೂಮಿನಿಯಂನಲ್ಲಿ 559, ಸಿಲಿಕಾನ್‌ನಲ್ಲಿ 455, ರಂಜಕದ ಪೆಂಟಾಕ್ಸೈಡಿನಲ್ಲಿ ಸುಮಾರು 298, ಗಂಧಕದ ಟ್ರೈಆಕ್ಸೈಡಿನಲ್ಲಿ 132 ಹೊರಬರುತ್ತದೆ. ಕ್ಲೋರಿನ್ ಮೋನಾಕ್ಸೈಡಿನಲ್ಲಿ ಶಾಖ ಹೊರಬರುವುದೇ ಇಲ್ಲ. ಬದಲಾಗಿ ಸುಮಾರು 80 ಕಿಲೋಜೂಲ್ ಒಳಗೆ ಹೋಗಬೇಕು. ಆದುದರಿಂದಲೇ ಕ್ಲೋರಿನ್ ಗಾಳಿಯಲ್ಲಿ ಉರಿಯುವುದಿಲ್ಲ, ಅದರ ಆಕ್ಸೈಡ್‌ಗಳನ್ನು ಬಳಸುಮಾರ್ಗದಿಂದ ತಯಾರಿಸಬೇಕು, ಮತ್ತು ಅವು ಸಿಡಿಯುವ ಸ್ವಭಾವದವು. ಕುಡಿಯುವ ನೀರಿನ ಶುದ್ಧೀಕರಣಕ್ಕೆ ಬಳಸುವ ಕ್ಲೋರಿನ್ ಡೈಆಕ್ಸೈಡನ್ನು ಸಿಲಿಂಡರುಗಳಲ್ಲಿ ತುಂಬಿ ಸಾಗಿಸದೆ, ಬೇಕಾದ ಸ್ಥಳದಲ್ಲೇ ತಯಾರಿಸುತ್ತಾರೆ.

ಈ ಅಂಕಿಗಳಲ್ಲಿ ಶಿಖರ ಸೋಡಿಯಂ ಅಲ್ಲ, ಮೆಗ್ನೀಸಿಯಂ ಎಂಬುದನ್ನು ಗಮನಿಸಿ. ಮೆಗ್ನೀಸಿಯಂ ಎರಡು ಎಲೆಕ್ಟ್ರಾನುಗಳನ್ನು ಬಿಡಲು 2,189 ಕಿಲೋಜೂಲ್ ಖರ್ಚು ಮಾಡಬೇಕಾದರೂ, ಚಿಕ್ಕದಾದ ದ್ವಿಆವೇಶದ ಅಯಾನು ಆಕ್ಸೈಡ್ ಅಯಾನಿನೊಂದಿಗೆ ಸ್ಫಟಿಕ ಕಟ್ಟುವಾಗ ಸುಮಾರು 3,800 ಕಿಲೋಜೂಲ್ ಹಿಂತಿರುಗಿ ಬರುತ್ತದೆ. ಮೆಗ್ನೀಸಿಯಂ ಆಕ್ಸೈಡ್ 2,800 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ತಾಪದಲ್ಲಿ ಕರಗುವುದೂ, ನೀರಿನಲ್ಲಿ ಅದರ ಹೈಡ್ರಾಕ್ಸೈಡ್ ಲೀಟರಿಗೆ ಕೆಲವೇ ಮಿಲಿಗ್ರಾಂ ಕರಗಿ ಪಿಎಚ್ 10ರ ಆಸುಪಾಸಿನಲ್ಲಿ ನಿಲ್ಲುವುದೂ ಇದೇ ಬಿಗಿತದಿಂದ. ಮೆಗ್ನೀಸಿಯಂ ಪುಡಿಯನ್ನು ಮರಳಿನೊಂದಿಗೆ ಕಾಯಿಸಿದರೆ ಅದು ಸಿಲಿಕಾದಿಂದ ಆಕ್ಸಿಜನ್ನನ್ನು ಕಿತ್ತುಕೊಂಡು ಸಿಲಿಕಾನನ್ನು ಬಿಡುಗಡೆ ಮಾಡುತ್ತದೆ. ಅಲ್ಯೂಮಿನಿಯಂ ಕಬ್ಬಿಣದ ಆಕ್ಸೈಡಿನಿಂದ ಆಕ್ಸಿಜನ್ ಕಿತ್ತುಕೊಳ್ಳುವ ಥರ್ಮಿಟ್ ಕ್ರಿಯೆಯಿಂದ ರೈಲು ಹಳಿಗಳನ್ನು ಬೆಸೆಯುತ್ತಾರೆ. ಅಲ್ಲಿ ಕಬ್ಬಿಣದ ಪಾಲಿನ ಅಂಕಿ ಸುಮಾರು 275 ಮಾತ್ರ.

ಹಾಗಿದ್ದರೆ ನೀರಿನಲ್ಲಿ ಸೋಡಿಯಂ ಏಕೆ ಅಷ್ಟು ಉಗ್ರ? ಅದು ಹೊರಬರುವ ಶಕ್ತಿಯ ಪ್ರಶ್ನೆಯಲ್ಲ, ವೇಗದ ಪ್ರಶ್ನೆ. ಸೋಡಿಯಂ ಒಂದೇ ಎಲೆಕ್ಟ್ರಾನ್ ಬಿಟ್ಟರೆ ಸಾಕು. ಅದು 98 ಡಿಗ್ರಿಯಲ್ಲೇ ಕರಗುವುದರಿಂದ ಕ್ರಿಯೆಯ ಶಾಖಕ್ಕೆ ಗುಂಡಾಗಿ, ಸದಾ ಹೊಸ ಮೇಲ್ಮೈ ಒಡ್ಡುತ್ತದೆ. ಉಂಟಾಗುವ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗಿ ಹೋಗುತ್ತದೆ. ಮೆಗ್ನೀಸಿಯಂನ ಹೈಡ್ರಾಕ್ಸೈಡ್ ಕರಗದೆ ಲೋಹಕ್ಕೆ ಅಂಟಿಕೊಂಡು ಮುಂದಿನ ಕ್ರಿಯೆಯನ್ನು ತಡೆಯುತ್ತದೆ. ಅಲ್ಯೂಮಿನಿಯಂನ ಮೇಲೆ ಗಾಳಿಯಲ್ಲೇ ಕೆಲವು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಅದು ಬಿರುಕಿಲ್ಲದೆ ಹರಡಿಕೊಳ್ಳುವುದರಿಂದ ನಿಮ್ಮ ಪಾತ್ರೆ ಉಳಿದಿದೆ.

ಇಲ್ಲಿಯೇ ನಿಮ್ಮ ಎರಡು ಪ್ರಶ್ನೆಗಳು ಕೂಡುತ್ತವೆ. ಆ ಪೊರೆ ಉಭಯಧರ್ಮಿ. ಪಿಎಚ್ ಸುಮಾರು 4ರಿಂದ 9ರವರೆಗೆ ಅದು ಗಟ್ಟಿಯಾಗಿ ನಿಲ್ಲುತ್ತದೆ, ಆ ಮಿತಿಯ ಆಚೀಚೆ ಎರಡೂ ಕಡೆ ಕರಗುತ್ತದೆ. ಹುಣಸೆ ಹುಳಿ ಬಿದ್ದ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬಾರದು ಎನ್ನುವುದಕ್ಕೂ, ಅದೇ ಪಾತ್ರೆಯನ್ನು ವಾಷಿಂಗ್ ಸೋಡಾ ಹಾಕಿ ಕುದಿಸಿದರೆ ಕಪ್ಪಾಗಿ ಗುಳಿ ಬೀಳುವುದಕ್ಕೂ ಕಾರಣ ಒಂದೇ. ಪಾತ್ರೆಯ ಬಾಳಿಕೆಯನ್ನು ನಿರ್ಧರಿಸುವುದು ಲೋಹದ ಕ್ರಿಯಾಶೀಲತೆಗಿಂತ ಹೆಚ್ಚಾಗಿ ಅದರ ಆಕ್ಸೈಡಿನ ಸ್ವಭಾವ.

ಜೊತೆಗೆ ಒಂದು ಸಣ್ಣ ತಿದ್ದುಪಡಿ: ತರಗತಿಯಲ್ಲಿ ಸೋಡಿಯಂ ಉರಿಸಿದರೆ ಸಿಗುವುದು ಬಹುಪಾಲು ಪೆರಾಕ್ಸೈಡ್, ಸರಳ ಆಕ್ಸೈಡ್ ಅಲ್ಲ. ಅದು ನೀರಿನಲ್ಲಿ ಕ್ಷಾರವನ್ನು ಕೊಡುತ್ತದೆ ನಿಜ, ಆದರೆ ಹೈಡ್ರೋಜನ್ ಪೆರಾಕ್ಸೈಡನ್ನೂ ಕೊಡುವುದರಿಂದ ಲಿಟ್ಮಸ್ ಬಿಳಿಚಿಕೊಂಡು ಮಕ್ಕಳಿಗೆ ಗೊಂದಲವಾಗಬಹುದು.


ನಿವೃತ್ತ ಉಪನ್ಯಾಸಕ, ಧಾರವಾಡ:

ತಂಗಿ ಬಹಳ ಚೆನ್ನಾಗಿ ವಿವರಿಸಿದ್ದಾರೆ. ಮೇಡಂ, ಮಕ್ಕಳು ಮುಂದೆ ಕೇಳಬಹುದಾದ ಎರಡು ಪ್ರಶ್ನೆಗಳಿಗೆ ಈಗಲೇ ಉತ್ತರ ಇಟ್ಟುಕೊಂಡಿರಿ.

ಹೈಡ್ರೋಫ್ಲೋರಿಕ್ ಆಮ್ಲ ಗಾಜನ್ನು ಕೊರೆಯುತ್ತದೆ, ಹಾಗಾದರೆ ಸಿಲಿಕಾ ಪ್ರತ್ಯಾಮ್ಲವೂ ಹೌದಲ್ಲವೇ ಎಂದು ಯಾರಾದರೂ ಕೇಳುತ್ತಾರೆ. ಅಲ್ಲ. ಅಲ್ಲಿ ಕೆಲಸ ಮಾಡುವುದು ಪ್ರೋಟಾನಿಗಿಂತ ಮುಖ್ಯವಾಗಿ ಫ್ಲೋರಿನ್. ಸಿಲಿಕಾನ್ ಮತ್ತು ಫ್ಲೋರಿನ್ ನಡುವಿನ ಬಂಧ ಅತಿ ಬಲವಾದದ್ದು, ಸಿಲಿಕಾನ್ ಟೆಟ್ರಾಫ್ಲೋರೈಡ್ ಅನಿಲವಾಗಿ ಹೊರಟುಹೋಗುತ್ತದೆ. ಹೈಡ್ರೋಫ್ಲೋರಿಕ್‌ಗಿಂತ ಎಷ್ಟೋ ಪ್ರಬಲವಾದ ಹೈಡ್ರೋಕ್ಲೋರಿಕ್, ನೈಟ್ರಿಕ್ ಆಮ್ಲಗಳನ್ನು ನಾವು ಗಾಜಿನ ಸೀಸೆಗಳಲ್ಲೇ ಇಡುತ್ತೇವೆ ಎಂಬುದನ್ನು ನೆನಪಿಸಿದರೆ ಸಾಕು.

ಎರಡನೆಯದು ಹೆಚ್ಚು ಮಹತ್ವದ್ದು. ಆಮ್ಲೀಯತೆಯನ್ನು ನಿರ್ಧರಿಸುವುದು ಧಾತುವಿನ ಹೆಸರಲ್ಲ, ಅದರ ಉತ್ಕರ್ಷಣ ಸಂಖ್ಯೆ, ಅಂದರೆ ಆಕ್ಸೈಡಿನಲ್ಲಿ ಆ ಧಾತುವಿಗೆ ಲೆಕ್ಕ ಹಾಕುವ ಧನಾವೇಶ. ಮೂರನೇ ಆವರ್ತದಲ್ಲಿ ನಾವು ಹೋಲಿಸುವುದು ಪ್ರತಿ ಧಾತುವಿನ ಅತಿ ಹೆಚ್ಚಿನ ಉತ್ಕರ್ಷಣ ಸಂಖ್ಯೆಯ ಆಕ್ಸೈಡ್‌ಗಳನ್ನು. ಗಂಧಕವನ್ನು ಗಾಳಿಯಲ್ಲಿ ಉರಿಸಿದರೆ ಸಿಗುವುದು ಡೈಆಕ್ಸೈಡ್. ಅದನ್ನು ವನೇಡಿಯಂ ಪೆಂಟಾಕ್ಸೈಡ್ ವೇಗವರ್ಧಕದ ಮೇಲೆ ಸುಮಾರು 450 ಡಿಗ್ರಿಯಲ್ಲಿ ಇನ್ನಷ್ಟು ಆಕ್ಸಿಜನ್ನಿನೊಂದಿಗೆ ಹಾಯಿಸಿದಾಗಲೇ ಟ್ರೈಆಕ್ಸೈಡ್ ಆಗುತ್ತದೆ. ಮೊದಲನೆಯದು ದುರ್ಬಲ ಆಮ್ಲವನ್ನೂ ಎರಡನೆಯದು ಪ್ರಬಲ ಆಮ್ಲವನ್ನೂ ಕೊಡುತ್ತದೆ, ಧಾತು ಮಾತ್ರ ಒಂದೇ. ಆಮ್ಲದ ಪ್ರಾಬಲ್ಯವನ್ನು ನೀರಿನ ದಾಹವೆಂದು ತಿಳಿಯದಂತೆಯೂ ಎಚ್ಚರಿಸಿ: ಪರ್ಕ್ಲೋರಿಕ್ ಆಮ್ಲ ಫಾಸ್ಫಾರಿಕ್‌ಗಿಂತ ಬಹಳ ಪ್ರಬಲವಾದರೂ, ಕ್ಲೋರಿನ್ ಹೆಪ್ಟಾಕ್ಸೈಡ್ ತಯಾರಿಸಲು ಪರ್ಕ್ಲೋರಿಕ್ ಆಮ್ಲದಿಂದ ನೀರನ್ನು ಕಿತ್ತು ತೆಗೆಯುವುದು ರಂಜಕದ ಪೆಂಟಾಕ್ಸೈಡೇ.

ನೀವು ಹೇಳಿದ ಆ ಸುತ್ತುವಾದವನ್ನು ಮುರಿಯಲು ಕ್ರೋಮಿಯಂ ಅತ್ಯುತ್ತಮ ಸಾಕ್ಷಿ. ಅದು ನಾಲ್ಕನೇ ಆವರ್ತದ್ದಾದರೂ ಇಲ್ಲಿಗೆ ಸಲ್ಲುತ್ತದೆ. ಅಪ್ಪಟ ಲೋಹವಾದ ಅದರ ಆಕ್ಸೈಡ್‌ಗಳಲ್ಲಿ ಉತ್ಕರ್ಷಣ ಸಂಖ್ಯೆ ಎರಡಾಗಿದ್ದರೆ ಪ್ರತ್ಯಾಮ್ಲೀಯ, ಮೂರಾಗಿದ್ದರೆ ಉಭಯಧರ್ಮಿ, ಆರಾಗಿದ್ದರೆ ಆಮ್ಲೀಯ. ಮೂರನೇ ಆವರ್ತದ ಇಡೀ ಪಯಣ ಒಂದೇ ಧಾತುವಿನೊಳಗೆ ನಡೆಯುತ್ತದೆ, ಲೋಹೀಯ ಗುಣ ಕಡಿಮೆಯಾಯಿತು ಎನ್ನಲು ಅಲ್ಲಿ ಅವಕಾಶವೇ ಇಲ್ಲ. ಕ್ರೋಮ್ ಪಟಕ ಸಿಕ್ಕರೆ ನಾಲ್ಕನೆಯ ಪ್ರನಾಳದಲ್ಲಿ ಅದರ ದ್ರಾವಣಕ್ಕೆ ಕಾಸ್ಟಿಕ್ ಸೋಡಾ ಹಾಕಿ ನೋಡಿ: ಬೂದುಹಸಿರು ಪ್ರಕ್ಷೇಪ ಬಂದು, ಕ್ಷಾರ ಹೆಚ್ಚಾದಾಗ ಕಡು ಹಸಿರಾಗಿ ಕರಗುತ್ತದೆ. ಅದನ್ನು ಕುದಿಸಬೇಡಿ, ಕುದಿಸಿದರೆ ಪ್ರಕ್ಷೇಪ ಮರಳಿ ಬರುತ್ತದೆ. ಮುಗಿದ ಮೇಲೆ ಸಿಂಕಿಗೆ ಸುರಿಯದೆ ಬೇರೆ ಸೀಸೆಯಲ್ಲಿ ತೆಗೆದಿಡಿ.